ಹೃದಯದ ಎಲ್ಲೆಯನ್ನು ಯಂತ್ರವು ಗುರುತಿಸುವ ಬಗೆ

ಹೃದಯದ ಎಡ ಕುಕ್ಷಿಯು ಒಂದು ಬಡಿತದಲ್ಲಿ ತನ್ನೊಳಗಿರುವ ರಕ್ತದ ಎಷ್ಟು ಪಾಲನ್ನು ಹೊರಕ್ಕೆ ನೂಕುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾದುದು. ಕುಕ್ಷಿಯು ಪೂರ್ತಿಯಾಗಿ ಹಿಗ್ಗಿರುವಾಗ ಅದರಲ್ಲಿರುವ ರಕ್ತವೆಷ್ಟು, ಪೂರ್ತಿಯಾಗಿ ಕುಗ್ಗಿದ ಮೇಲೆ ಉಳಿಯುವ ರಕ್ತವೆಷ್ಟು ಎಂಬುದನ್ನು ಅಳೆದು, ಅವೆರಡರ ವ್ಯತ್ಯಾಸವನ್ನು ಮೊದಲನೆಯ ಅಳತೆಯಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ವೈದ್ಯರು ಇದನ್ನು ಇಜೆಕ್ಷನ್ ಫ್ರಾಕ್ಷನ್ ಎಂದೂ, ಸಂಕ್ಷೇಪವಾಗಿ ಇ. ಎಫ್. ಎಂದೂ ಕರೆಯುತ್ತಾರೆ, ಹೃದ್ರೋಗಿಗಳಿರುವ ಸಂಸಾರಗಳಲ್ಲಿ ಈ ಎರಡಕ್ಷರ ಈಗ ಮನೆಮಾತು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇಕಡ 55ರಿಂದ 70ರವರೆಗೆ ಇರುತ್ತದೆ. ಶೇಕಡ 40 ಅಥವಾ ಅದಕ್ಕಿಂತ ಕಡಿಮೆಯಾದರೆ ಚಿಕಿತ್ಸೆಯ ಕ್ರಮವೇ ಬೇರೆಯಾಗುತ್ತದೆ. ಔಷಧಗಳನ್ನು ತಕ್ಕಷ್ಟು ಕಾಲ ಸೇವಿಸಿದ ಮೇಲೆಯೂ ಅದು ಶೇಕಡ 35ನ್ನು ಮೀರದಿದ್ದರೆ, ಹೃದಯವು ಹಠಾತ್ತಾಗಿ ನಿಲ್ಲುವ ಅಪಾಯದಿಂದ ಕಾಪಾಡಲು, ವಿದ್ಯುದಾಘಾತವನ್ನು ಕೊಡತಕ್ಕ ಪುಟ್ಟ ಉಪಕರಣವೊಂದನ್ನು ಎದೆಯ ಚರ್ಮದಡಿಯಲ್ಲಿ ಇರಿಸಬೇಕೆ ಎಂಬ ವಿಚಾರ ಏಳುತ್ತದೆ. ಕೆಲವು ಕ್ಯಾನ್ಸರ್ ಔಷಧಗಳು ಹೃದಯಸ್ನಾಯುವನ್ನು ದುರ್ಬಲಗೊಳಿಸುವುದರಿಂದ, ಅವನ್ನು ಮುಂದುವರಿಸಬೇಕೆ ನಿಲ್ಲಿಸಬೇಕೆ ಎಂಬುದನ್ನೂ ಇದೇ ಅಂಕೆಯನ್ನು ನೋಡಿ ನಿಶ್ಚಯಿಸುವುದುಂಟು. ಒಂದು ಭಾಗಾಕಾರದ ಮೇಲೆ ಇಷ್ಟು ಭಾರ ಬಿದ್ದಿರುವಾಗ, ಅದರ ಮೂಲಾಂಕಗಳು ಎಲ್ಲಿಂದ ಬಂದವು ಎಂದು ಕೇಳುವುದು ನ್ಯಾಯವಾಗಿಯೇ ಇದೆ.

ಅವು ಬರುವುದು ಚಿತ್ರದ ಮೇಲೆ ಎಳೆದ ಗೆರೆಗಳಿಂದ. ಕಾಂತೀಯ ಅನುರಣನದ ಯಂತ್ರವು, ಎಂದರೆ ಎಲ್ಲರೂ ಎಂ. ಆರ್. ಐ. ಎಂದು ಕರೆಯುವ ಯಂತ್ರವು, ಹೃದಯವನ್ನು ಬುಡದಿಂದ ತುದಿಯವರೆಗೆ ಸುಮಾರು ಹತ್ತು ಅಡ್ಡಛೇದಗಳಲ್ಲಿ ಚಿತ್ರಿಸುತ್ತದೆ. ಪ್ರತಿಯೊಂದು ಛೇದದಲ್ಲಿಯೂ ಎಡ ಕುಕ್ಷಿಯ ಒಳ ಅಂಚು, ಅದರ ಸ್ನಾಯುವಿನ ಹೊರ ಅಂಚು, ಬಲ ಕುಕ್ಷಿಯ ಒಳ ಅಂಚು ಎಂದು ಮೂರು ಗೆರೆಗಳನ್ನು ತಜ್ಞನು ಎಳೆಯಬೇಕು. ಗೆರೆಯೊಳಗಿನ ಕ್ಷೇತ್ರಫಲವನ್ನು ಛೇದಗಳ ನಡುವಣ ಅಂತರದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಗಾತ್ರ ಬಂದಂತಾಯಿತು. ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಕಂಬದ ಗಾತ್ರವನ್ನು ಅಳೆಯುವ ಹಾಗೆ. ಹಿಗ್ಗಿದ ಸ್ಥಿತಿ, ಕುಗ್ಗಿದ ಸ್ಥಿತಿ ಇವೆರಡಕ್ಕೆ ಮಾತ್ರ ಈ ಕೆಲಸವನ್ನು ಮಾಡಲು ನುರಿತವನಿಗೂ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬಡಿತದ ಎಲ್ಲ ಹಂತಗಳಿಗೂ ಮಾಡುವುದು ಕೈಲಾಗದ ಮಾತು. ಬ್ರಿಟನ್ನಿನ ಯು. ಕೆ. ಬಯೋಬ್ಯಾಂಕ್ ಸಂಸ್ಥೆಯು ಒಂದು ಲಕ್ಷ ಸ್ವಯಂಸೇವಕರ ದೇಹಚಿತ್ರಗಳನ್ನು ಸಂಗ್ರಹಿಸುವ ಕಾರ್ಯವನ್ನು ಕೈಗೊಂಡು 2025ರಲ್ಲಿ ಆ ಸಂಖ್ಯೆಯನ್ನು ಮುಟ್ಟಿತು. ಅಷ್ಟು ಹೃದಯಗಳಿಗೆ ಕೈಯಿಂದ ಗೆರೆ ಎಳೆಯುವ ತಜ್ಞರನ್ನು ಎಲ್ಲಿಂದ ತರುವುದು? ಆದಕಾರಣ ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಹಲವು ದಶಕಗಳಿಂದ ನಡೆದುಬಂದಿದೆ.

ಇಂಗ್ಲಿಷಿನಲ್ಲಿ ಇದಕ್ಕೆ ಸೆಗ್ಮೆಂಟೇಷನ್ ಎಂಬ ಹೆಸರುಂಟು. ಅದನ್ನು ಖಂಡೀಕರಣ ಎಂದು ಕನ್ನಡಿಸಿದರೆ ಹೃದಯವನ್ನು ತುಂಡರಿಸಿದಂತೆ ಕೇಳಿಸುತ್ತದೆ. ಇಲ್ಲಿ ನಡೆಯುವುದು ಯಾವ ಚಿತ್ರಬಿಂದು ಯಾವ ಅಂಗಭಾಗಕ್ಕೆ ಸೇರಿದುದು ಎಂದು ತೀರ್ಮಾನಿಸುವ ಕೆಲಸ. ಗ್ರಾಮಗಳ ಎಲ್ಲೆಗಳನ್ನು ಗೊತ್ತುಮಾಡುವಂಥದು. ಈ ಲೇಖನದಲ್ಲಿ ಸೀಮಾನಿರ್ಣಯ ಎಂಬ ಮಾತನ್ನು ಬಳಸಿದ್ದೇವೆ.

ಚಿತ್ರವು ಉಂಟಾಗುವ ವಿಧಾನವನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಪ್ರಬಲವಾದ ಕಾಂತಕ್ಷೇತ್ರದಲ್ಲಿರುವ ಜಲಜನಕದ ಬೀಜಗಳು ಒಂದು ನಿಯತವಾದ ಆವೃತ್ತಿಯ ರೇಡಿಯೋ ತರಂಗಕ್ಕೆ ಸ್ಪಂದಿಸುತ್ತವೆ, 1.5 ಟೆಸ್ಲಾ ಬಲದ ಯಂತ್ರದಲ್ಲಿ ಆ ಆವೃತ್ತಿ ಸೆಕೆಂಡಿಗೆ ಸುಮಾರು 6.4 ಕೋಟಿ. ಈ ಅನುರಣನವನ್ನು ಘನ ಮತ್ತು ದ್ರವ ಪದಾರ್ಥಗಳಲ್ಲಿ 1946ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಇವರ ತಂಡಗಳು ಬೇರೆಬೇರೆಯಾಗಿ ಪ್ರಕಟಪಡಿಸಿದವು. ಅದರಿಂದ ಚಿತ್ರವನ್ನು ಪಡೆಯುವ ಉಪಾಯವನ್ನು 1973ರಲ್ಲಿ ಪಾಲ್ ಲಾಟರ್ಬರ್ ತೋರಿಸಿದನು. ಪೀಟರ್ ಮ್ಯಾನ್ಸ್‌ಫೀಲ್ಡನೊಡನೆ ಅವನಿಗೆ 2003ರ ನೊಬೆಲ್ ಬಹುಮಾನ ಸಂದಿತು. ನಮ್ಮ ವಿಷಯಕ್ಕೆ ಮುಖ್ಯವಾದ ಅಂಶಗಳು ಎರಡು. ಹೃದಯದ ಚಲನಚಿತ್ರದಲ್ಲಿ ರಕ್ತವು ಬೆಳ್ಳಗೂ ಸ್ನಾಯುವು ಕಪ್ಪಗೂ ಕಾಣುತ್ತವೆ. ಎರಡನೆಯದಾಗಿ, ತೆರೆಯ ಮೇಲೆ ಬಡಿಯುವಂತೆ ಕಾಣುವ ಹೃದಯವು ನಿಜವಾಗಿ ಒಂದೇ ಬಡಿತದ ಚಿತ್ರವಲ್ಲ. ರೋಗಿಯು ಹತ್ತು ಸೆಕೆಂಡು ಕಾಲ ಉಸಿರು ಬಿಗಿಹಿಡಿದಿರುವಾಗ, ಇ. ಸಿ. ಜಿ.ಯನ್ನು ಅನುಸರಿಸಿ, ಹಲವು ಬಡಿತಗಳಿಂದ ಚೂರುಚೂರಾಗಿ ಸಂಗ್ರಹಿಸಿದ ಸಂಕೇತಗಳನ್ನು ಜೋಡಿಸಿ ಅದನ್ನು ಕಟ್ಟಿರುತ್ತಾರೆ. ನಾಡಿಯು ಕ್ರಮತಪ್ಪಿದವರಲ್ಲಿಯೂ ಉಸಿರು ಹಿಡಿಯಲಾರದವರಲ್ಲಿಯೂ ಚಿತ್ರ ಮಸುಕಾಗುತ್ತದೆ. ಎಂದರೆ, ಯಾರ ಕಾಯಿಲೆ ಹೆಚ್ಚೋ ಅವರ ಚಿತ್ರವೇ ಕೆಟ್ಟದಾಗಿರುವ ಸಂಭವ ಹೆಚ್ಚು.

ಇನ್ನು ಚಿತ್ರಬಿಂದುವಿನ ಆಕಾರ. ಪರದೆಯ ಮೇಲೆ ಅದು ಚೌಕವಾಗಿ ಕಂಡರೂ, ಛೇದಕ್ಕೆ ದಪ್ಪವಿರುವುದರಿಂದ, ವಾಸ್ತವವಾಗಿ ಅದು ಒಂದು ಬೆಂಕಿಕಡ್ಡಿಯ ತುಂಡಿನಂತೆ: ಅಗಲ ಸುಮಾರು ಒಂದೂವರೆ ಮಿಲಿಮೀಟರು, ಉದ್ದ ಎಂಟು ಮಿಲಿಮೀಟರು. ಛೇದಕ್ಕೂ ಛೇದಕ್ಕೂ ನಡುವೆ ಇನ್ನೂ ಎರಡು ಮಿಲಿಮೀಟರು ಬಿಟ್ಟಿರುವುದೂ ಉಂಟು. ಈ ಕಡ್ಡಿಯ ಒಂದು ತುದಿಯಲ್ಲಿ ರಕ್ತ, ಇನ್ನೊಂದು ತುದಿಯಲ್ಲಿ ಸ್ನಾಯು ಇದ್ದರೆ ಬಿಂದುವು ಬೂದುಬಣ್ಣಕ್ಕೆ ತಿರುಗುತ್ತದೆ. ಅಂಥ ಬಿಂದುವನ್ನು ಯಾವ ಕಡೆಗೆ ಸೇರಿಸುವುದು ಎಂಬುದಕ್ಕೆ ಚಿತ್ರದಲ್ಲಿಯೇ ಉತ್ತರವಿಲ್ಲ.

ಮೊದಮೊದಲು ಜನ ಹಿಡಿದ ದಾರಿ ಹೊಳಪಿನ ಅಳತೆಯದು. ಒಂದು ಹೊಳಪನ್ನು ಮೆಟ್ಟಿಲಾಗಿ ಇಟ್ಟುಕೊಂಡು, ಅದಕ್ಕಿಂತ ಬೆಳ್ಳಗಿರುವುದೆಲ್ಲ ರಕ್ತ, ಕಪ್ಪಗಿರುವುದೆಲ್ಲ ಸ್ನಾಯು ಎಂದು ಎಣಿಸುವುದು. ಆ ಮೆಟ್ಟಿಲನ್ನು ಚಿತ್ರದಿಂದಲೇ ಲೆಕ್ಕಹಾಕಿ ಪಡೆಯುವ ಸೊಗಸಾದ ವಿಧಾನವನ್ನು ಜಪಾನಿನ ಓತ್ಸು 1979ರಲ್ಲಿ ಪ್ರಕಟಿಸಿದನು. ಇಂದಿಗೂ ಚಿತ್ರಗಣಿತದ ಮೊದಲ ಪಾಠಗಳಲ್ಲಿ ಅದು ಬರುತ್ತದೆ. ಹೃದಯದ ನಡುಮಧ್ಯದ ಛೇದದಲ್ಲಿ ಇದು ಸಾಕಷ್ಟು ಚೆನ್ನಾಗಿಯೇ ನಡೆಯುತ್ತದೆ. ಆದರೆ ಬಲ ಕುಕ್ಷಿಯ ರಕ್ತವೂ ಅಷ್ಟೇ ಬೆಳ್ಳಗೆ. ಹೃದಯದ ಸುತ್ತಲಿನ ಕೊಬ್ಬೂ ಬೆಳ್ಳಗೆ. ಸ್ನಾಯುವಿನ ಹೊರ ಅಂಚು ಒಂದು ಕಡೆ ಕಪ್ಪಾದ ಶ್ವಾಸಕೋಶವನ್ನೂ ಮತ್ತೊಂದು ಕಡೆ ಕೊಬ್ಬನ್ನೂ ಕೆಳಗೆ ಯಕೃತ್ತನ್ನೂ ತಾಗುವುದರಿಂದ ಅದಕ್ಕೆ ಒಂದೇ ಮೆಟ್ಟಿಲು ಸಾಲದು. ಇದರ ಮೇಲೆ ಪ್ಯಾಪಿಲರಿ ಸ್ನಾಯುಗಳ ತೊಡಕು. ಇವು ಕುಕ್ಷಿಯ ಒಳಗೋಡೆಯಿಂದ ಎದ್ದು ಕವಾಟದ ದಾರಗಳನ್ನು ಹಿಡಿದಿರುವ ಸ್ನಾಯುಕಂಬಗಳು. ಬೆಳ್ಳನೆಯ ರಕ್ತದ ನಡುವೆ ಕಪ್ಪು ದ್ವೀಪಗಳಾಗಿ ಕಾಣುತ್ತವೆ. ಅವನ್ನು ಗೋಡೆಯ ಲೆಕ್ಕಕ್ಕೆ ಸೇರಿಸಬೇಕೆ, ರಕ್ತದ ಲೆಕ್ಕಕ್ಕೆ ಬಿಡಬೇಕೆ ಎಂಬಲ್ಲಿ ಆಸ್ಪತ್ರೆಗಳ ಸಂಪ್ರದಾಯಗಳೇ ಬೇರೆಬೇರೆ. ಇದು ಯಂತ್ರದ ತಪ್ಪಲ್ಲ. ಮನುಷ್ಯರು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳದಿರುವುದರ ಫಲ.

1988ರಲ್ಲಿ ಕ್ಯಾಸ್, ವಿಟ್ಕಿನ್, ಟೆರ್ಜೊಪೌಲಸ್ ಎಂಬ ಮೂವರು ‘ಹಾವು’ ಎಂಬ ಹೆಸರಿನ ಒಂದು ವಿಧಾನವನ್ನು ವಿವರಿಸಿದರು. ರಬ್ಬರಿನ ಬಳೆಯೊಂದನ್ನು ಚಿತ್ರದ ಮೇಲೆ ಇಟ್ಟಂತೆ ಕಲ್ಪಿಸಿಕೊಳ್ಳಿ. ಹೆಚ್ಚು ಬಾಗದೆ ನಯವಾಗಿರಬೇಕೆಂಬುದು ಬಳೆಯ ಸ್ವಭಾವ. ಬಿಳುಪು ಕಪ್ಪಿಗೆ ತಿರುಗುವ ಅಂಚಿನ ಕಡೆಗೆ ಅದನ್ನು ಎಳೆಯುವುದು ಚಿತ್ರದ ಸ್ವಭಾವ. ಈ ಎರಡು ಸೆಳೆತಗಳು ಸಮತೂಗಿದ ಕಡೆ ಬಳೆ ನಿಲ್ಲುತ್ತದೆ. ಅಂಚು ಅಲ್ಲಲ್ಲಿ ಮಸುಕಾಗಿದ್ದರೂ ಹಾವು ಅದನ್ನು ದಾಟಿಕೊಂಡು ಹೋಗಬಲ್ಲದು. ಆದರೆ ಮೊದಲು ಅದನ್ನು ಎಲ್ಲೆಯ ಸಮೀಪದಲ್ಲಿಯೇ ಇರಿಸಬೇಕು. ದೂರವಿಟ್ಟರೆ ಪ್ಯಾಪಿಲರಿ ಸ್ನಾಯುವಿಗೋ ಕೊಬ್ಬಿನ ಪದರಕ್ಕೋ ಸುತ್ತಿಕೊಂಡು ಅಲ್ಲಿಯೇ ಉಳಿದುಬಿಡುತ್ತದೆ. 1995ರಲ್ಲಿ ಮ್ಯಾಂಚೆಸ್ಟರಿನ ಕೂಟ್ಸ್, ಟೇಲರ್ ಮತ್ತು ಸಂಗಡಿಗರು ಪ್ರಕಟಿಸಿದ ಆಕಾರಮಾದರಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ತಜ್ಞರು ಗೆರೆ ಎಳೆದ ಹಲವು ಉದಾಹರಣೆಗಳಿಂದ ಸರಾಸರಿ ಆಕಾರವೊಂದನ್ನೂ, ಆಕಾರಗಳು ಸರಾಸರಿಯಿಂದ ಯಾವ ಯಾವ ರೀತಿಯಲ್ಲಿ ಬೇರೆಯಾಗುತ್ತವೆ ಎಂಬುದನ್ನೂ ಲೆಕ್ಕಹಾಕಿ, ಆ ಮಿತಿಯೊಳಗೇ ಗೆರೆಯನ್ನು ಹುಡುಕುವುದು ಇದರ ಕ್ರಮ. ಹೀಗೆ ಪಡೆದ ಗೆರೆ ಹೃದಯದ ಹಾಗೆ ಕಾಣುತ್ತದೆ, ನಿಜ. ಆದರೆ ಹಿಂದೆ ಕಾಣದ ವಿಕಾರವೊಂದು ಎದುರಾದಾಗ ಅದನ್ನು ಸರಾಸರಿಯ ಕಡೆಗೆ ಎಳೆದು ತಿದ್ದಿಬಿಡುತ್ತದೆ. ರೋಗವನ್ನು ಕಾಣಬೇಕಾದ ಕಡೆಯಲ್ಲಿ ರೋಗವನ್ನೇ ಒರಸಿಹಾಕುವ ಉಪಕರಣ ವೈದ್ಯನಿಗೆ ಒಪ್ಪುವಂಥದಲ್ಲ.

2015ರಲ್ಲಿ ಜರ್ಮನಿಯ ಫ್ರೈಬರ್ಗಿನ ರೊನ್ನೆಬರ್ಗರ್, ಫಿಷರ್, ಬ್ರಾಕ್ಸ್ ಇವರು ಯು-ನೆಟ್ ಎಂಬ ಕೃತಕ ನರಜಾಲವನ್ನು ಪ್ರಕಟಿಸಿದ ಮೇಲೆ ಈ ಕ್ಷೇತ್ರದ ಮುಖವೇ ಬದಲಾಯಿತು. ಇದರಲ್ಲಿ ಎಲ್ಲೆಯ ಲಕ್ಷಣವೇನೆಂಬುದನ್ನು ಮನುಷ್ಯನು ಹೇಳಿಕೊಡುವುದಿಲ್ಲ. ಚಿತ್ರದ ಮೇಲೆ ಸಣ್ಣ ಸಣ್ಣ ಗುಣಕಗಳ ಚೌಕಗಳನ್ನು ಸರಿಸುತ್ತ ಹೋಗಿ, ಹಂತಹಂತವಾಗಿ ಚಿತ್ರವನ್ನು ಕುಗ್ಗಿಸಿ, ಇಲ್ಲೊಂದು ದುಂಡಾದ ಕುಕ್ಷಿಯಿದೆ, ಅದರ ಪಕ್ಕದಲ್ಲಿ ಬಾಲಚಂದ್ರನಂತೆ ಬಾಗಿದ ಇನ್ನೊಂದಿದೆ ಎಂಬ ಸ್ಥೂಲವಾದ ತಿಳಿವಳಿಕೆಯನ್ನು ಜಾಲವು ಮೊದಲು ಪಡೆಯುತ್ತದೆ. ಬಳಿಕ ಅದನ್ನು ಮತ್ತೆ ಹಂತಹಂತವಾಗಿ ಹಿಗ್ಗಿಸುತ್ತದೆ. ಕುಗ್ಗಿಸುವಾಗ ಕಳೆದುಹೋದ ಸೂಕ್ಷ್ಮ ವಿವರಗಳನ್ನು ಮೊದಲಿನ ಹಂತಗಳಿಂದ ನೇರವಾಗಿ ತಂದು ಕೂಡಿಸುವುದು ಇದರ ಜಾಣ್ಮೆ. ಇಳಿದು ಏರುವ ಈ ಆಕಾರದಿಂದಲೇ ಯು ಎಂಬ ಹೆಸರು. ಕೊನೆಯಲ್ಲಿ ಪ್ರತಿಯೊಂದು ಬಿಂದುವಿಗೂ ಒಂದು ತೀರ್ಪು ದೊರೆಯುತ್ತದೆ. ಆ ತೀರ್ಪು ತಜ್ಞನ ಗೆರೆಯಿಂದ ಎಷ್ಟು ದೂರವಿದೆಯೋ ಅದಕ್ಕೆ ತಕ್ಕಂತೆ ಗುಣಕಗಳನ್ನು ಕೊಂಚ ಕೊಂಚ ತಿದ್ದುತ್ತ, ಸಾವಿರಾರು ಸಲ ಇದೇ ಕ್ರಿಯೆಯನ್ನು ಮಾಡಿದರೆ ಜಾಲವು ಪಳಗುತ್ತದೆ. ಲಂಡನ್ನಿನ ಬಾಯ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಮೇಲೆ ಹೇಳಿದ ಬಯೋಬ್ಯಾಂಕಿನ 4,875 ಜನರ 93,500 ಚಿತ್ರಗಳು ಬಳಕೆಯಾದವು. ತಜ್ಞನ ಇಪ್ಪತ್ತು ನಿಮಿಷಗಳ ಕೆಲಸ ಕೆಲವು ಸೆಕೆಂಡುಗಳಿಗೆ ಇಳಿಯಿತು.

ಯಂತ್ರದ ಗೆರೆ ತಜ್ಞನ ಗೆರೆಗೆ ಎಷ್ಟು ಹೊಂದುತ್ತದೆ ಎಂಬುದನ್ನು ಅಳೆಯಲು ಸಾಮಾನ್ಯವಾಗಿ ಬಳಸುವುದು ಡೈಸ್ ಅಂಕ. ಇದು ವೈದ್ಯಶಾಸ್ತ್ರದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಜೀವವಿಜ್ಞಾನಿ ಲೀ ಡೈಸ್ 1945ರಲ್ಲಿ, ಎರಡು ಜಾತಿಯ ಜೀವಿಗಳು ಒಂದೇ ಸ್ಥಳದಲ್ಲಿ ಎಷ್ಟರಮಟ್ಟಿಗೆ ಜೊತೆಯಾಗಿ ಕಂಡುಬರುತ್ತವೆ ಎಂದು ತಿಳಿಯಲು ಇದನ್ನು ಬಳಸಿದನು. ಎರಡು ಪ್ರದೇಶಗಳು ಒಂದರ ಮೇಲೊಂದು ಬೀಳುವ ಭಾಗವನ್ನು ಇಮ್ಮಡಿಸಿ, ಎರಡರ ಮೊತ್ತದಿಂದ ಭಾಗಿಸಬೇಕು. ಪೂರ್ತಿಯಾಗಿ ಹೊಂದಿದರೆ 1, ಎಲ್ಲಿಯೂ ಹೊಂದದಿದ್ದರೆ 0. ಮೇಲಿನ ಸಂಶೋಧನೆಯಲ್ಲಿ ಎಡ ಕುಕ್ಷಿಯ ಒಳಭಾಗಕ್ಕೆ 0.94, ಅದರ ಸ್ನಾಯುವಿಗೆ 0.88, ಬಲ ಕುಕ್ಷಿಗೆ 0.90 ಬಂದಿತು.

ಈ ಅಂಕೆಗಳನ್ನು ಓದುವಾಗ ಎಚ್ಚರ ಬೇಕು. ಸ್ನಾಯುವಿಗೆ ಕಡಿಮೆ ಅಂಕ ಬಂದಿರುವುದರಿಂದ ಯಂತ್ರವು ಸ್ನಾಯುವಿನ ಎಲ್ಲೆಯನ್ನು ಹೆಚ್ಚು ತಪ್ಪಾಗಿ ಎಳೆಯಿತು ಎಂದು ತಿಳಿಯಬೇಕಾಗಿಲ್ಲ. ಒಳಭಾಗದ ತ್ರಿಜ್ಯ 25 ಮಿಲಿಮೀಟರು, ಗೋಡೆಯ ದಪ್ಪ 8 ಮಿಲಿಮೀಟರು ಎಂದು ಇಟ್ಟುಕೊಳ್ಳೋಣ. ಯಂತ್ರವು ಒಳಗೆರೆಯನ್ನೂ ಹೊರಗೆರೆಯನ್ನೂ ಒಂದೊಂದು ಮಿಲಿಮೀಟರು ಒಳಕ್ಕೆ ಎಳೆಯಿತು ಎನ್ನೋಣ. ಇದು ಒಂದು ಚಿತ್ರಬಿಂದುವಿಗಿಂತಲೂ ಕಡಿಮೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಒಳಭಾಗಕ್ಕೆ 0.96 ಬರುತ್ತದೆ, ಬಳೆಯಾಕಾರದ ಗೋಡೆಗೆ 0.875 ಮಾತ್ರ. ತಪ್ಪು ಒಂದೇ, ತೆಳುವಾದ ವಸ್ತುವಿಗೆ ಡೈಸ್ ಅಂಕವು ಹೆಚ್ಚು ನಿಷ್ಠುರ.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು, ಮತ್ತು ರೋಗಿಗೆ ಅದೇ ಹೆಚ್ಚು ಹಾನಿಕರ. ಹೃದಯದ ಬುಡವೆಂದು ಅಂಗರಚನಾಶಾಸ್ತ್ರದಲ್ಲಿ ಕರೆಯುವುದು ಮೇಲಿನ ಭಾಗವನ್ನು. ಊರ್ಧ್ವಮೂಲವಾದ ಅಶ್ವತ್ಥದಂತೆ ಅದರ ತುದಿ ಕೆಳಗಿದೆ. ಬುಡದಲ್ಲಿ ಮಿಟ್ರಲ್ ಕವಾಟವು ಕುಕ್ಷಿಯನ್ನು ಹೃತ್ಕರ್ಣದಿಂದ ಬೇರ್ಪಡಿಸುತ್ತದೆ. ಹೃದಯವು ಕುಗ್ಗುವಾಗ ಈ ಕವಾಟದ ಸಮತಲವು ತುದಿಯ ಕಡೆಗೆ ಒಂದು ಸೆಂಟಿಮೀಟರಿಗೂ ಮಿಕ್ಕು ಜಾರುತ್ತದೆ. ಚಿತ್ರದ ಛೇದಗಳಾದರೋ ತಾವಿದ್ದಲ್ಲಿಯೇ ಇರುತ್ತವೆ. ಆದ್ದರಿಂದ ಹಿಗ್ಗಿದ ಸ್ಥಿತಿಯಲ್ಲಿ ಕುಕ್ಷಿಯನ್ನು ತೋರಿಸುತ್ತಿದ್ದ ಮೇಲಿನ ಛೇದವು ಕುಗ್ಗಿದ ಸ್ಥಿತಿಯಲ್ಲಿ ಹೃತ್ಕರ್ಣವನ್ನು ತೋರಿಸುತ್ತಿರಬಹುದು. ಎರಡರಲ್ಲಿಯೂ ಬೆಳ್ಳನೆಯ ರಕ್ತವೇ. ನೋಟಕ್ಕೆ ಭೇದ ಅಲ್ಪ. ಈ ಛೇದವನ್ನು ಸೇರಿಸಬೇಕೆ ಬಿಡಬೇಕೆ ಎಂಬ ಒಂದೇ ಪ್ರಶ್ನೆಯಲ್ಲಿ ಎಷ್ಟು ಅಡಗಿದೆ ಎಂಬುದನ್ನು ಲೆಕ್ಕದಿಂದಲೇ ತೋರಿಸಬಹುದು.

ಹಿಗ್ಗಿದ ಹೃದ್ರೋಗಿಯೊಬ್ಬನ ಎಡ ಕುಕ್ಷಿಯಲ್ಲಿ ವಿಕಸನದ ಕೊನೆಗೆ 200 ಮಿಲಿಲೀಟರು, ಸಂಕೋಚನದ ಕೊನೆಗೆ 130 ಮಿಲಿಲೀಟರು ರಕ್ತವಿದೆ ಎನ್ನಿ. ಇ. ಎಫ್. ಸರಿಯಾಗಿ ಶೇಕಡ 35. ಸಂಕೋಚನದಲ್ಲಿ ಬುಡದ ಛೇದದ ಒಳವ್ಯಾಸ 4 ಸೆಂಟಿಮೀಟರು, ಛೇದಗಳ ಅಂತರ 1 ಸೆಂಟಿಮೀಟರು ಆದರೆ ಆ ಒಂದು ಬಿಲ್ಲೆಯ ಗಾತ್ರ 12.6 ಮಿಲಿಲೀಟರು. ಯಂತ್ರವು ಅದನ್ನು ಹೃತ್ಕರ್ಣವೆಂದು ಎಣಿಸಿ ಬಿಟ್ಟರೆ ಉಳಿದ ರಕ್ತ 117.4 ಎಂದಾಗಿ ಇ. ಎಫ್. ಶೇಕಡ 41ಕ್ಕೆ ಏರುತ್ತದೆ. ಹಾಗಲ್ಲದೆ, ಅದರ ಮೇಲಿನ ಅಷ್ಟೇ ಗಾತ್ರದ ಹೃತ್ಕರ್ಣದ ಬಿಲ್ಲೆಯನ್ನು ಕುಕ್ಷಿಗೆ ಸೇರಿಸಿಕೊಂಡರೆ ಇ. ಎಫ್. ಶೇಕಡ 29ಕ್ಕೆ ಇಳಿಯುತ್ತದೆ. ಉಳಿದ ಒಂಬತ್ತು ಛೇದಗಳಲ್ಲಿ ಗೆರೆಗಳು ಕೂದಲೆಳೆಯಷ್ಟೂ ತಪ್ಪಿಲ್ಲವೆಂದೇ ಭಾವಿಸಿದ್ದೇವೆ. ಈ ಎರಡು ತಪ್ಪುಗಳಿಗೂ ಡೈಸ್ ಅಂಕ ಎಷ್ಟು? ಎರಡಕ್ಕೂ 0.95. ಎಂದರೆ ಪ್ರಕಟವಾದ ಸರಾಸರಿಗಿಂತಲೂ ಮೇಲು! ಮೊದಲನೆಯ ಸಂದರ್ಭದಲ್ಲಿ, ಉಪಕರಣವನ್ನು ಇರಿಸುವ ಯೋಚನೆಗೆ ಅರ್ಹನಾಗಿದ್ದ ರೋಗಿ ಆ ಯೋಚನೆಯಿಂದಲೇ ಹೊರಬೀಳುತ್ತಾನೆ. ಅಂಕಪಟ್ಟಿಯಲ್ಲಿ ಯಂತ್ರವು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿರುತ್ತದೆ.

ಇದು ಕೇವಲ ಊಹೆಯ ಕಷ್ಟವಲ್ಲ. 2017ರಲ್ಲಿ ಫ್ರಾನ್ಸಿನ ಡಿಜಾನ್ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಿಂದ ಬಂದ 150 ಜನರ ಚಿತ್ರಗಳ ಮೇಲೆ ಎ. ಸಿ. ಡಿ. ಸಿ. ಎಂಬ ಸ್ಪರ್ಧೆಯೊಂದು ನಡೆಯಿತು. ಆರೋಗ್ಯವಂತರು, ಹೃದಯಾಘಾತವಾದವರು, ಹೃದಯ ಹಿಗ್ಗಿದವರು, ಸ್ನಾಯು ದಪ್ಪಗಟ್ಟಿದವರು, ಬಲ ಕುಕ್ಷಿ ಕೆಟ್ಟವರು ಎಂದು ಮೂವತ್ತು ಮೂವತ್ತು ಜನರ ಐದು ಗುಂಪುಗಳು. ನೂರು ಜನರ ಚಿತ್ರಗಳನ್ನು ತಜ್ಞರ ಗೆರೆಗಳೊಡನೆ ಕಲಿಕೆಗೆ ಕೊಟ್ಟು, ಐವತ್ತನ್ನು ಪರೀಕ್ಷೆಗೆ ಕಾಯ್ದಿರಿಸಿದ್ದರು. ನರಜಾಲಗಳ ಅಂಕಗಳು ತಜ್ಞರ ಮಟ್ಟಕ್ಕೆ ಹತ್ತಿರವಾದವು. ಆದರೆ ತಪ್ಪುಗಳು ಬುಡದ ಮತ್ತು ತುದಿಯ ಛೇದಗಳಲ್ಲಿ ಗುಂಪುಗೂಡಿದ್ದವು. ಸ್ನಾಯುವಿನ ಬಳೆ ನಡುವೆ ಹರಿದಿರುವುದು, ಕುಕ್ಷಿಯೊಂದು ಎರಡು ತುಂಡಾಗಿರುವುದು ಮುಂತಾಗಿ, ಯಾವ ವೈದ್ಯವಿದ್ಯಾರ್ಥಿಯೂ ಎಳೆಯದ ಅಸಂಭವ ಆಕಾರಗಳೂ ಕಂಡುಬಂದವು. ಮನುಷ್ಯನು ತಪ್ಪುವ ರೀತಿ ಬೇರೆ, ಯಂತ್ರವು ತಪ್ಪುವ ರೀತಿ ಬೇರೆ.

ಯಂತ್ರವು ಯಾರ ಹೃದಯಗಳನ್ನು ನೋಡಿ ಕಲಿತಿದೆ ಎಂಬುದೂ ಇಷ್ಟೇ ಮುಖ್ಯ. ಒಂದು ತಯಾರಕರ ಯಂತ್ರದ ಚಿತ್ರಗಳಲ್ಲಿ ಪಳಗಿದ ಜಾಲವು ಇನ್ನೊಬ್ಬರ ಚಿತ್ರಗಳಲ್ಲಿ ಎಡವುತ್ತದೆ. ಸ್ಪೇನ್, ಜರ್ಮನಿ, ಕೆನಡಾ ದೇಶಗಳ ಆಸ್ಪತ್ರೆಗಳಿಂದ, ನಾಲ್ಕು ತಯಾರಕರ ಯಂತ್ರಗಳಲ್ಲಿ ತೆಗೆದ 375 ಜನರ ಚಿತ್ರಗಳನ್ನು ಒಟ್ಟುಗೂಡಿಸಿ 2020ರಲ್ಲಿ ನಡೆಸಿದ ಸ್ಪರ್ಧೆಯ ಉದ್ದೇಶವೇ ಈ ಎಡವುವಿಕೆಯನ್ನು ಅಳೆಯುವುದು. ಮತ್ತೊಂದು ಸಂಶೋಧನೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚತಕ್ಕದ್ದು. ಬಯೋಬ್ಯಾಂಕಿನ ಸ್ವಯಂಸೇವಕರಲ್ಲಿ ಬಹುಪಾಲು ಜನ ಬಿಳಿಯರು. ಆ ಚಿತ್ರಗಳಿಂದ ಕಲಿತ ಜಾಲವನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಪುಯೋಲ್-ಆಂಟೋನ್ ಮತ್ತು ಸಂಗಡಿಗರು ಜನಾಂಗವಾರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬಿಳಿಯರ ಹೃದಯಗಳಿಗೆ ಬಂದ ಡೈಸ್ ಅಂಕಕ್ಕಿಂತ ಕರಿಯರ ಮತ್ತು ಏಷ್ಯಾ ಮೂಲದವರ ಹೃದಯಗಳಿಗೆ ಬಂದ ಅಂಕ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಎಲ್ಲರನ್ನೂ ಸೇರಿಸಿ ತೆಗೆದ ಸರಾಸರಿಯಲ್ಲಿ ಈ ಭೇದ ಮುಳುಗಿಹೋಗಿತ್ತು. ಪ್ರತಿ ಗುಂಪಿನಿಂದಲೂ ಸಮನಾಗಿ ಉದಾಹರಣೆಗಳನ್ನು ಆರಿಸಿ ಕಲಿಸಿದಾಗ ಅಂತರ ಕುಗ್ಗಿತು. ವಿದೇಶದಲ್ಲಿ ಸಿದ್ಧವಾದ ಇಂಥ ಸಾಧನವನ್ನು ನಮ್ಮ ಆಸ್ಪತ್ರೆಗಳಲ್ಲಿ ಬಳಸುವವರು, ಅದರ ಅಂಕ ಎಷ್ಟು ಎಂದು ಕೇಳುವುದರ ಜೊತೆಗೆ, ಆ ಅಂಕ ಯಾರ ಹೃದಯಗಳ ಮೇಲೆ ಬಂದುದು ಎಂದೂ ಕೇಳಬೇಕಾಗುತ್ತದೆ.

ತಜ್ಞನ ಗೆರೆ ಎದುರಿಗಿಲ್ಲದಿರುವಾಗ ಯಂತ್ರದ ಗೆರೆಯನ್ನು ಪರೀಕ್ಷಿಸಲು ಶರೀರಶಾಸ್ತ್ರವೇ ಕೆಲವು ಒರೆಗಲ್ಲುಗಳನ್ನು ಒದಗಿಸಿದೆ. ಸ್ನಾಯುವು ಕುಗ್ಗಿದಾಗ ದಪ್ಪವಾಗುತ್ತದೆಯೇ ಹೊರತು ಅದರ ಒಟ್ಟು ಗಾತ್ರ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಎರಡು ಸ್ಥಿತಿಗಳಲ್ಲಿ ಲೆಕ್ಕಹಾಕಿದ ಸ್ನಾಯುವಿನ ತೂಕ ಬಹಳ ಬೇರೆಯಾಗಿ ಬಂದರೆ ಎಲ್ಲೋ ಗೆರೆ ತಪ್ಪಿದೆ. ಕವಾಟಗಳಲ್ಲಿ ಸೋರಿಕೆಯೂ ನಡುಗೋಡೆಯಲ್ಲಿ ರಂಧ್ರವೂ ಇಲ್ಲದವರಲ್ಲಿ, ಬಲ ಕುಕ್ಷಿಯು ಶ್ವಾಸಕೋಶಕ್ಕೆ ಕಳಿಸಿದಷ್ಟೇ ರಕ್ತವನ್ನು ಎಡ ಕುಕ್ಷಿಯು ದೇಹಕ್ಕೆ ಕಳಿಸಬೇಕು. ನಮ್ಮ ಉದಾಹರಣೆಯ ರೋಗಿಯಲ್ಲಿ ಎಡಗಡೆಯ ಲೆಕ್ಕ 70 ಮಿಲಿಲೀಟರಿನ ಬದಲು 82.6 ಎಂದು ಬಂದು, ಬಲಗಡೆಯದು 70 ಎಂದೇ ಇದ್ದರೆ, ಬಿಟ್ಟುಹೋದ ಬಿಲ್ಲೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ ಎರಡು ಕುಕ್ಷಿಗಳನ್ನೂ ಒಂದೇ ಛೇದಗಳಿಂದ ಅಳೆಯುವುದರಿಂದ, ಯಂತ್ರವು ಬುಡದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಬಗೆಯ ತಪ್ಪನ್ನು ಮಾಡುವುದು ಸಾಧ್ಯ. ಆಗ ಎರಡು ಲೆಕ್ಕಗಳೂ ಒಟ್ಟಿಗೆ ಏರಿ ತಾಳೆಯಾಗಿಬಿಡುತ್ತವೆ. ಅಂಥಲ್ಲಿ ಹೃದಯವನ್ನು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿ ತೋರಿಸುವ ಚಿತ್ರವನ್ನು ತೆರೆದು, ಸಂಕೋಚನದ ಕೊನೆಯಲ್ಲಿ ಮಿಟ್ರಲ್ ಕವಾಟವು ಎಷ್ಟನೆಯ ಛೇದದ ಬಳಿ ನಿಂತಿದೆ ಎಂಬುದನ್ನು ವೈದ್ಯನೇ ಕಣ್ಣಾರೆ ನೋಡಬೇಕು. ಅದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ.